ಕೌಟುಂಬಿಕ ಆರ್ಥಿಕ ಅಡಚಣೆ ಮತ್ತು ಹಲ್ಲಿನ ಆರೋಗ್ಯ

(ಭಾಷಣದ ಪಾಠ)

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ" ಎಂಬ ಗಾದೆಯನ್ನು ಕನ್ನಡಿಗರೆಲ್ಲರೂ ಬಲ್ಲರು. ವಿಧಿಯ ವ್ಯಂಗ್ಯವನ್ನು ಸೂಚಿಸಲು ಬಳಸುವ ಈ ಮಾತಿನಲ್ಲಿ ವೈದ್ಯಕೀಯ ಸತ್ಯವೊಂದೂ ಅಡಗಿದೆ. ಕೈಯಲ್ಲಿ ಹಣವಿಲ್ಲದ ಕಾಲದಲ್ಲಿ ಅಲಕ್ಷ್ಯಕ್ಕೊಳಗಾದ ಹಲ್ಲು, ಹಣ ಕೂಡುವ ಹೊತ್ತಿಗೆ ಬಾಯಲ್ಲಿ ಉಳಿದಿರುವುದಿಲ್ಲ. ಕೆಲವು ಸಂದರ್ಭಗಳಲ್ಲಿ ಹಲ್ಲಿನೊಡನೆ ಪ್ರಾಣಕ್ಕೂ ಸಂಚಕಾರ ಬರುವುದುಂಟು. ಕುಟುಂಬದ ಹಣಕಾಸಿನ ತೊಂದರೆಯು ಹಲ್ಲಿನ ರೋಗವಾಗಿ, ಹಲ್ಲಿನ ರೋಗವು ಮಾರಕ ಸೋಂಕಾಗಿ ಬೆಳೆಯುವ ಬಗೆಯನ್ನೂ, ಅದನ್ನು ತಡೆಯುವ ದಾರಿಗಳನ್ನೂ ವಿವರಿಸುವುದು ಈ ಭಾಷಣದ ಉದ್ದೇಶ.

ಕಾಚಿಗೂಡ ಮತ್ತು ಕನ್ನಡಿಗರು

ಹೈದರಾಬಾದಿನ ಕಾಚಿಗೂಡ ಕನ್ನಡಿಗರಿಗೆ ಅಪರಿಚಿತ ಸ್ಥಳವಲ್ಲ. ನಿಜಾಮರ ಆಡಳಿತ ಕಾಲದಲ್ಲಿ, 1916ರಲ್ಲಿ ನಿರ್ಮಾಣಗೊಂಡ ಇಲ್ಲಿನ ರೈಲು ನಿಲ್ದಾಣವು ಬೆಂಗಳೂರು, ಮೈಸೂರುಗಳಿಂದ ಬರುವ ಪ್ರಯಾಣಿಕರಿಗೆ ಇಂದಿಗೂ ಹೆಬ್ಬಾಗಿಲು. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಅಂಗವಾಗಿದ್ದವು. ಓದಿಗಾಗಿ, ನೌಕರಿಗಾಗಿ, ವ್ಯಾಪಾರಕ್ಕಾಗಿ, ಕೂಲಿಗಾಗಿ ಆ ಭಾಗದ ಜನ ಹೈದರಾಬಾದಿಗೆ ಬಂದು ನೆಲೆಸುವುದು ಅಂದಿನಿಂದಲೂ ನಡೆದುಬಂದಿದೆ. ಕರ್ನಾಟಕ ಸಾಹಿತ್ಯ ಮಂದಿರ ಹಾಗೂ ನೃಪತುಂಗ ಶಾಲೆಯಂತಹ ಸಂಸ್ಥೆಗಳು ಕಾಚಿಗೂಡದಲ್ಲಿ ಕನ್ನಡವನ್ನು ಉಳಿಸಿಕೊಂಡು ಬಂದಿರುವುದು ಇದಕ್ಕೆ ಸಾಕ್ಷಿ.

ಈ ಪ್ರದೇಶಕ್ಕೆ ಆಸ್ಪತ್ರೆಗಳ ಕೊರತೆಯಿಲ್ಲ ಎಂಬುದು ಗಮನಾರ್ಹ. ಅಫ್ಜಲ್‌ಗಂಜಿನಲ್ಲಿ ಉಸ್ಮಾನಿಯಾ ಸಾರ್ವಜನಿಕ ಆಸ್ಪತ್ರೆಯೂ, ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಯೂ ಇವೆ. ಕೋಠಿಯಲ್ಲಿ ಸರ್ಕಾರಿ ಕಿವಿ, ಮೂಗು, ಗಂಟಲು ಆಸ್ಪತ್ರೆಯಿದೆ. ಇವೆಲ್ಲವೂ ಕಾಚಿಗೂಡದಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಆದರೆ ಬಡ ಕುಟುಂಬಕ್ಕೆ ಆಸ್ಪತ್ರೆಯ ದೂರವು ಕಿಲೋಮೀಟರಿನಲ್ಲಿ ಅಳೆಯತಕ್ಕದ್ದಲ್ಲ. ಕಳೆದುಹೋಗುವ ದಿನಗೂಲಿಯಲ್ಲಿ ಅಳೆಯತಕ್ಕದ್ದು. ಹಮಾಲಿ ಕೆಲಸ, ಕಟ್ಟಡದ ಕೂಲಿ, ಮನೆಗೆಲಸ, ಬೀದಿ ಬದಿಯ ವ್ಯಾಪಾರ, ಆಟೋ ಚಾಲನೆ ಮುಂತಾದ ವೃತ್ತಿಗಳನ್ನು ಅವಲಂಬಿಸಿದವರಿಗೆ ಒಂದು ಬೆಳಗಿನ ಹೊತ್ತು ಸಾಲಿನಲ್ಲಿ ನಿಂತರೆ ಅಂದಿನ ದುಡಿಮೆ ಹೋಯಿತೆಂದೇ ಅರ್ಥ. ಚೀಟಿ ಉಚಿತವಾಗಿರಬಹುದು, ದಿನ ಉಚಿತವಲ್ಲ.

ಸಮಸ್ಯೆಯ ವ್ಯಾಪ್ತಿ

ಹಲ್ಲಿನ ರೋಗಗಳು ಅತ್ಯಂತ ಸಾಮಾನ್ಯವಾದವು. ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 5 ವರ್ಷದ ಮಕ್ಕಳಲ್ಲಿ ಶೇಕಡಾ 51.9, 12 ವರ್ಷದವರಲ್ಲಿ ಶೇಕಡಾ 53.8, 15 ವರ್ಷದವರಲ್ಲಿ ಶೇಕಡಾ 63.1ರಷ್ಟು ಮಂದಿಗೆ ದಂತಕ್ಷಯವಿತ್ತು. 35ರಿಂದ 44 ವರ್ಷದ ವಯಸ್ಕರಲ್ಲಿ ಈ ಪ್ರಮಾಣ ಶೇಕಡಾ 80ನ್ನು ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನಲ್ಲಿ ಸುಮಾರು 350 ಕೋಟಿ ಜನರು ಬಾಯಿಯ ರೋಗಗಳಿಂದ ಬಳಲುತ್ತಿರುವರೆಂದು ಅಂದಾಜು ಮಾಡಿದೆ. ಇವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಮಧ್ಯಮ ಆದಾಯದ ರಾಷ್ಟ್ರಗಳಲ್ಲಿದ್ದಾರೆ.

ರೋಗವು ಶ್ರೀಮಂತರಿಗೂ ಬರುತ್ತದೆ, ಬಡವರಿಗೂ ಬರುತ್ತದೆ. ವ್ಯತ್ಯಾಸವಿರುವುದು ಮುಂದಿನ ಹಂತದಲ್ಲಿ. ಅನುಕೂಲಸ್ಥರ ಮನೆಯಲ್ಲಿ ಹುಳುಕು ಚಿಕ್ಕದಾಗಿರುವಾಗಲೇ ತುಂಬಿಸಿಕೊಳ್ಳುತ್ತಾರೆ. ಬಡವರ ಮನೆಯಲ್ಲಿ ಅದೇ ಹುಳುಕು ಬೆಳೆಯಲು ವರ್ಷಗಟ್ಟಲೆ ಅವಕಾಶ ಪಡೆಯುತ್ತದೆ.

ಹಲ್ಲು ಕೆಡುವ ಬಗೆ

ಹಲ್ಲನ್ನು ಹುಳ ತಿನ್ನುತ್ತದೆ ಎಂಬ ನಂಬಿಕೆ ಇನ್ನೂ ಪೂರ್ಣವಾಗಿ ಅಳಿದಿಲ್ಲ. ಹಲ್ಲಿನಲ್ಲಿ ಹುಳವಿರುವುದಿಲ್ಲ. ಬಾಯಿಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಸಕ್ಕರೆ ಹಾಗೂ ಹಿಟ್ಟಿನ ಅಂಶವನ್ನು ಬಳಸಿಕೊಂಡು ಆಮ್ಲವನ್ನು ಉತ್ಪಾದಿಸುತ್ತವೆ. ಈ ಆಮ್ಲವು ಹಲ್ಲಿನ ಹೊರಕವಚವನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ಹೊರಕವಚದಲ್ಲಿ ನರಗಳಿಲ್ಲದ ಕಾರಣ ಈ ಹಂತದಲ್ಲಿ ನೋವಿರುವುದಿಲ್ಲ. ಕೊಳೆತವು ಒಳಪದರವನ್ನು ತಲುಪಿದಾಗ ತಣ್ಣೀರು, ಬಿಸಿ ಚಹಾ, ಸಿಹಿ ತಾಕಿದರೆ ಜುಮ್ಮೆನ್ನುತ್ತದೆ. ರಕ್ತನಾಳ ಮತ್ತು ನರಗಳಿರುವ ತಿರುಳಿಗೆ ಸೋಂಕು ತಗುಲಿದಾಗ ರಾತ್ರಿಯೆಲ್ಲ ನಿದ್ರೆಗೆಡಿಸುವ ನೋವು ಆರಂಭವಾಗುತ್ತದೆ.

ಇಲ್ಲಿ ಎಲ್ಲರೂ ನೆನಪಿನಲ್ಲಿಡಬೇಕಾದ ಅಂಶವೊಂದಿದೆ. ತಿರುಳು ಪೂರ್ತಿಯಾಗಿ ಸತ್ತ ಮೇಲೆ ನೋವು ತಾನಾಗಿಯೇ ಕಡಿಮೆಯಾಗಿಬಿಡುತ್ತದೆ. ಮನೆಮದ್ದು ಫಲಿಸಿತು, ಮಾತ್ರೆ ಕೆಲಸ ಮಾಡಿತು, ಖರ್ಚು ಉಳಿಯಿತು ಎಂದು ಮನೆಯವರು ನೆಮ್ಮದಿ ಪಡುತ್ತಾರೆ. ವಾಸ್ತವದಲ್ಲಿ ಸತ್ತಿರುವುದು ನರ. ಸೋಂಕು ಜೀವಂತವಾಗಿಯೇ ಇರುತ್ತದೆ. ಅದು ಬೇರಿನ ತುದಿಯಿಂದ ಹೊರಬಂದು ದವಡೆಯ ಎಲುಬಿನಲ್ಲಿ ಕೀವುಗಟ್ಟಲು ತೊಡಗುತ್ತದೆ. ಈ ನೋವಿಲ್ಲದ ಅವಧಿಯೇ ಅತ್ಯಂತ ಅಪಾಯಕಾರಿಯಾದುದು.

ಮನೆಯ ಲೆಕ್ಕಾಚಾರ

ಉದಾಹರಣೆಗೆ, ದಿನಗೂಲಿಯನ್ನು ನಂಬಿ ಬಾಡಿಗೆ ಕೋಣೆಯಲ್ಲಿ ವಾಸಿಸುವ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಗಳಿಸಿದ ಹಣದಲ್ಲಿ ಮೊದಲು ಬಾಡಿಗೆ, ಆಮೇಲೆ ದಿನಸಿ, ಮಕ್ಕಳ ಶಾಲೆಯ ಖರ್ಚು, ಊರಲ್ಲಿರುವ ಹಿರಿಯರಿಗೆ ಕಳುಹಿಸಬೇಕಾದ ಹಣ, ಹಳೆಯ ಸಾಲದ ಬಡ್ಡಿ. ಜ್ವರ ಬಂದರೆ ಔಷಧಿ ತರಲೇಬೇಕು, ಏಕೆಂದರೆ ಜ್ವರವಿದ್ದವರು ದುಡಿಯಲಾರರು. ಹಲ್ಲುನೋವಿದ್ದವರು ಹೇಗೋ ದುಡಿಯಬಲ್ಲರು. ಆದುದರಿಂದ ಖರ್ಚಿನ ಪಟ್ಟಿಯಲ್ಲಿ ಹಲ್ಲಿಗೆ ಸದಾ ಕೊನೆಯ ಸ್ಥಾನ. ಅದರಲ್ಲಿಯೂ ಗೃಹಿಣಿಯ ಹಲ್ಲಿಗೆ ಎಲ್ಲರಿಗಿಂತ ಕೊನೆಯ ಸ್ಥಾನ. ಗಂಡನ ಕೆಲಸ, ಮಕ್ಕಳ ಪರೀಕ್ಷೆ ಮುಗಿಯಲಿ ಎಂದು ಆಕೆ ನೋವನ್ನು ತಿಂಗಳಿಂದ ತಿಂಗಳಿಗೆ ಮುಂದೂಡುತ್ತಾಳೆ.

ಚಿಕಿತ್ಸೆಯ ಆಯ್ಕೆಯ ಮೇಲೂ ಬಡತನದ ಪ್ರಭಾವವಿದೆ. ಹುಳುಕು ತಿರುಳನ್ನು ಮುಟ್ಟುವ ಮೊದಲೇ ಬಂದರೆ ಸಾಮಾನ್ಯವಾಗಿ ಒಂದೇ ಭೇಟಿಯಲ್ಲಿ ಹಲ್ಲು ತುಂಬಿಸಬಹುದು. ತಿರುಳಿಗೆ ಸೋಂಕು ತಗುಲಿದ ಮೇಲೆ ಬೇರುನಾಳ ಚಿಕಿತ್ಸೆ ಅಗತ್ಯವಾಗುತ್ತದೆ. ಇದಕ್ಕೆ ಹಲವು ವೇಳೆ ಎರಡು ಮೂರು ಭೇಟಿಗಳು ಬೇಕು, ಅಂದರೆ ಎರಡು ಮೂರು ದಿನಗಳ ಕೂಲಿ ನಷ್ಟ. ಹೀಗಾಗಿ "ಕಿತ್ತುಹಾಕಿಬಿಡಿ" ಎಂಬುದೇ ಬಡ ರೋಗಿಯ ಕೋರಿಕೆಯಾಗುತ್ತದೆ. ದವಡೆ ಹಲ್ಲುಗಳು ಒಂದೊಂದಾಗಿ ಹೋದಂತೆ ಜೋಳದ ರೊಟ್ಟಿ, ಕಾಳು, ಹಸಿ ತರಕಾರಿಗಳನ್ನು ಅಗಿಯುವುದು ಕಷ್ಟವಾಗಿ, ಚಹಾದಲ್ಲಿ ನೆನೆಸಿದ ಬಿಸ್ಕತ್ತು, ಬ್ರೆಡ್ಡು, ಮೆತ್ತನೆಯ ಅನ್ನವೇ ಆಹಾರವಾಗುತ್ತದೆ. ಇದರಿಂದ ಪೌಷ್ಟಿಕತೆ ಕುಗ್ಗುತ್ತದೆ. ಉಳಿದ ಹಲ್ಲುಗಳಿಗೂ ಹಾನಿಯಾಗುತ್ತದೆ.

ಅಗ್ಗದ ಸಿಹಿ ತಿಂಡಿ, ಅತಿಯಾದ ಸಕ್ಕರೆ ಹಾಕಿದ ಚಹಾ, ಹಸಿವು ಮತ್ತು ದಣಿವನ್ನು ಮರೆಸಲು ಬಳಸುವ ತಂಬಾಕು ಇವುಗಳೂ ಆರ್ಥಿಕ ಮುಗ್ಗಟ್ಟಿನ ಜೊತೆಗಾರರು. ಉತ್ತರ ಕರ್ನಾಟಕದ ಕೆಲವೆಡೆ ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ರೂಢಿಯಿದೆ. ನೋವು ಮರಗಟ್ಟುವುದರಿಂದ ಇದು ಒಳ್ಳೆಯದೆಂದು ತೋರಿದರೂ, ವಸಡಿನ ರೋಗಕ್ಕೂ ಬಾಯಿಯ ಕ್ಯಾನ್ಸರಿಗೂ ಇದು ದಾರಿ ಮಾಡುತ್ತದೆ. ಇದ್ದಿಲು, ಇಟ್ಟಿಗೆ ಪುಡಿಗಳು ಹಲ್ಲಿನ ಹೊರಕವಚವನ್ನು ಸವೆಸುತ್ತವೆ.

ಸೋಂಕು ಹರಡುವ ದಾರಿ

ದವಡೆಯಲ್ಲಿ ಶೇಖರವಾದ ಕೀವು ಹೆಚ್ಚಿನ ಸಂದರ್ಭಗಳಲ್ಲಿ ವಸಡಿನ ಮೇಲೆ ಗುಳ್ಳೆಯಾಗಿ ಒಡೆಯುತ್ತದೆ. ಆದರೆ ಎಲ್ಲ ಸಂದರ್ಭಗಳಲ್ಲಿಯೂ ಹೀಗಾಗುವುದಿಲ್ಲ. ಕೆಳದವಡೆಯ ಹಿಂಬದಿಯ ಹಲ್ಲುಗಳ ಬೇರುಗಳು ಬಾಯಿಯ ತಳದ ಸ್ನಾಯುವಿಗಿಂತಲೂ ಕೆಳಕ್ಕೆ ಇಳಿದಿರುತ್ತವೆ. ಅಲ್ಲಿಂದ ಹೊರಟ ಸೋಂಕು ಗಲ್ಲದ ಅಡಿಗೂ, ನಾಲಗೆಯ ಕೆಳಗೂ, ಕುತ್ತಿಗೆಗೂ ಹಬ್ಬಬಲ್ಲದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ, ಇಂದಿಗೂ ಅವರ ಹೆಸರಿನಿಂದಲೇ ಗುರುತಿಸಲ್ಪಡುವ ರೋಗ ಇದೇ. ಇದರಲ್ಲಿ ಗಲ್ಲದ ಅಡಿಯ ಭಾಗ ಹಲಗೆಯಂತೆ ಗಟ್ಟಿಯಾಗಿ, ನಾಲಗೆ ಮೇಲಕ್ಕೂ ಹಿಂದಕ್ಕೂ ಒತ್ತಲ್ಪಟ್ಟು, ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಪ್ರತಿಜೀವಕ ಔಷಧಿಗಳಿಲ್ಲದ ಕಾಲದಲ್ಲಿ ಈ ರೋಗಕ್ಕೆ ತುತ್ತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ಈಗ ಸಾವಿನ ಪ್ರಮಾಣ ಬಹಳ ತಗ್ಗಿದೆಯಾದರೂ, ತಡವಾಗಿ ಬಂದವರಿಗೆ ಅಪಾಯ ತಪ್ಪಿಲ್ಲ.

ಕುತ್ತಿಗೆಯಿಂದ ಎದೆಗೂಡಿಗೆ ಕೀವು ಇಳಿಯಬಹುದು. ಮೇಲ್ದವಡೆಯ ಸೋಂಕು ಕಣ್ಣಿನ ಸುತ್ತಲ ಭಾಗಕ್ಕೂ, ಮುಖದ ರಕ್ತನಾಳಗಳ ಮೂಲಕ ಮೆದುಳಿಗೂ ತಲುಪಬಹುದು. ಹೃದಯದ ಕವಾಟ ದೋಷವುಳ್ಳವರಲ್ಲಿ ಬಾಯಿಯ ಸೂಕ್ಷ್ಮಜೀವಿಗಳು ರಕ್ತವನ್ನು ಸೇರಿ ಹೃದಯದ ಒಳಪೊರೆಯ ಉರಿಯೂತವನ್ನು ಉಂಟುಮಾಡಬಹುದು. ಇಡೀ ದೇಹದ ರಕ್ತ ನಂಜಾಗುವ ಸಂಭವವೂ ಇದೆ.

ಮಧುಮೇಹಿಗಳಿಗೆ ಈ ಅಪಾಯ ಇನ್ನಷ್ಟು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜು ಮಾಡಿತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಸೋಂಕು ಬೇಗ ಹಬ್ಬುತ್ತದೆ. ಸೋಂಕಿದ್ದಾಗ ಸಕ್ಕರೆ ಹತೋಟಿಗೆ ಬರುವುದಿಲ್ಲ. 2021ರಲ್ಲಿ ಕೋವಿಡ್ ಎರಡನೆಯ ಅಲೆಯ ಸಮಯದಲ್ಲಿ ಕಾಣಿಸಿಕೊಂಡ ಕಪ್ಪು ಶಿಲೀಂಧ್ರ ರೋಗವನ್ನು ಇಲ್ಲಿ ಸ್ಮರಿಸಬಹುದು. ಆಗ ಕೋಠಿಯ ಕಿವಿ, ಮೂಗು, ಗಂಟಲು ಆಸ್ಪತ್ರೆಯು ಆ ರೋಗದ ಚಿಕಿತ್ಸೆಗೆ ಪ್ರಮುಖ ಕೇಂದ್ರವಾಗಿತ್ತು. ರೋಗಿಗಳಲ್ಲಿ ಬಹಳಷ್ಟು ಮಂದಿ ಮಧುಮೇಹಿಗಳು. ಮೇಲ್ದವಡೆಯ ನೋವು, ಇದ್ದಕ್ಕಿದ್ದಂತೆ ಹಲ್ಲುಗಳ ಸಡಿಲಿಕೆ ಇವು ಆ ರೋಗದ ಮುನ್ಸೂಚನೆಗಳಲ್ಲಿ ಸೇರಿದ್ದವು. ಬಾಯಿಯನ್ನು ದೇಹದಿಂದ ಬೇರೆಯಾಗಿ ನೋಡಬಾರದೆಂಬ ಪಾಠವನ್ನು ಆ ದಿನಗಳು ಕಲಿಸಿದವು.

ಎರಡು ಜಾಗತಿಕ ನಿದರ್ಶನಗಳು

ಇದು ಬಡ ರಾಷ್ಟ್ರಗಳ ಸಮಸ್ಯೆ ಮಾತ್ರ ಎಂದು ಭಾವಿಸಬಾರದು. 2007ರ ಫೆಬ್ರವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 12 ವರ್ಷದ ಬಾಲಕನೊಬ್ಬನು ಹಲ್ಲಿನ ಕೀವು ಮೆದುಳಿಗೆ ಹಬ್ಬಿ ಮೃತಪಟ್ಟನು. ಆ ಹಲ್ಲನ್ನು ಕೀಳಿಸಲು ಸುಮಾರು 80 ಡಾಲರು ಸಾಕಾಗುತ್ತಿತ್ತು. ಬಡ ಕುಟುಂಬಗಳಿಗಾಗಿ ಇದ್ದ ಸರ್ಕಾರಿ ವಿಮೆಯು ಆ ಕುಟುಂಬದ ಪಾಲಿಗೆ ನಿಂತುಹೋಗಿತ್ತು. ಎರಡು ಬಾರಿ ಮೆದುಳಿನ ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ ಇವುಗಳಿಗೆ ತಗುಲಿದ ವೆಚ್ಚ ಸುಮಾರು ಎರಡೂವರೆ ಲಕ್ಷ ಡಾಲರು. ಸಕಾಲದಲ್ಲಿ ವ್ಯಯಿಸದ ಅಲ್ಪ ಹಣವು ಮುಂದೆ ಎಷ್ಟು ದೊಡ್ಡ ಬೆಲೆಯನ್ನು ಕೇಳಬಲ್ಲದು ಎಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ.

ಇನ್ನೊಂದು ನಿದರ್ಶನ ನೋಮಾ ಎಂಬ ರೋಗ. ವಸಡಿನ ಹುಣ್ಣಿನಿಂದ ಆರಂಭವಾಗಿ ಕೆನ್ನೆಯನ್ನೇ ಕೊಳೆಯಿಸುವ ಈ ರೋಗವು ಅಪೌಷ್ಟಿಕತೆಯಿಂದ ಬಳಲುವ ಪುಟ್ಟ ಮಕ್ಕಳನ್ನು ಕಾಡುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನವರು ಬದುಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಇದನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಬಡತನವೇ ರೋಗದ ರೂಪ ತಾಳುವುದಾದರೆ ಅದು ಹೀಗಿರುತ್ತದೆ.

ಅಗ್ಗದ ಉಪಾಯಗಳ ಅಪಾಯ

ನೋವು ಬಂದಾಗ ಮೊದಲು ನೆನಪಾಗುವುದು ಔಷಧಿ ಅಂಗಡಿ. ಅಲ್ಲಿ ಹೇಳಿ ಕೇಳಿ ತಂದ ನೋವಿನ ಮಾತ್ರೆಗಳನ್ನು ವಾರಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಪ್ರತಿಜೀವಕ ಔಷಧಿಯ ಎರಡು ಮೂರು ಗುಳಿಗೆಗಳನ್ನು ಬಿಡಿಯಾಗಿ ಕೊಂಡು, ನೋವು ತಗ್ಗಿದೊಡನೆ ನಿಲ್ಲಿಸುವುದು ಮತ್ತೊಂದು ತಪ್ಪು. ಇದರಿಂದ ಸೋಂಕು ವಾಸಿಯಾಗುವುದಿಲ್ಲ. ಔಷಧಿಗೆ ಬಗ್ಗದ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ವೈದ್ಯರ ಚೀಟಿಯಿಲ್ಲದೆ ಇಂತಹ ಔಷಧಿಗಳನ್ನು ಸೇವಿಸಬಾರದೆಂದು ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಕೆಂಪು ಗೆರೆಯ ಪ್ರಚಾರಾಂದೋಲನವನ್ನು ಆರಂಭಿಸಿತು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ಅದನ್ನು ವೈದ್ಯರ ಸಲಹೆಯಿಂದಲೇ ತೆಗೆದುಕೊಳ್ಳಬೇಕು. ಅಲ್ಲದೆ, ಕೆಟ್ಟ ಹಲ್ಲು ಬಾಯಲ್ಲಿ ಹಾಗೆಯೇ ಇರುವವರೆಗೆ ಯಾವ ಔಷಧಿಯೂ ಶಾಶ್ವತ ಪರಿಹಾರವಲ್ಲ.

ವಸಡಿನ ಮೇಲೆ ನೋವಿನ ಮಾತ್ರೆಯನ್ನಿಡುವುದರಿಂದ ವಸಡು ಸುಡುತ್ತದೆ. ಲವಂಗವು ಕ್ಷಣಿಕ ಶಮನ ನೀಡಬಹುದೇ ಹೊರತು ರೋಗವನ್ನು ನಿವಾರಿಸದು. ಊದಿದ ಕೆನ್ನೆಗೆ ಬಿಸಿ ಶಾಖ ಕೊಡುವುದು ಸಲ್ಲದು. ಶಿಕ್ಷಣ, ನೋಂದಣಿಗಳಿಲ್ಲದ ನಕಲಿ ವೈದ್ಯರಿಂದ ಹಲ್ಲು ಕೀಳಿಸಿಕೊಂಡರೆ ಶುದ್ಧಗೊಳಿಸದ ಸಲಕರಣೆಗಳ ಮೂಲಕ ರಕ್ತದ ರೋಗಗಳು ತಗಲುವ ಭಯವಿದೆ.

ಯೋಜನೆಗಳು ಮತ್ತು ಉಳಿದಿರುವ ಅಂತರ

ಸರ್ಕಾರದ ಪ್ರಯತ್ನಗಳು ಇಲ್ಲವೆಂದಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ ಶಾಲೆಗಳ ಮಕ್ಕಳ ತಪಾಸಣೆಯಲ್ಲಿ ಹಲ್ಲಿನ ಪರೀಕ್ಷೆಯೂ ಸೇರಿದೆ. 2014-15ರಿಂದ ರಾಷ್ಟ್ರೀಯ ಬಾಯಿ ಆರೋಗ್ಯ ಕಾರ್ಯಕ್ರಮವು ಜಾರಿಯಲ್ಲಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳಲ್ಲಿ ಪ್ರಾಥಮಿಕ ಬಾಯಿ ಆರೋಗ್ಯವೂ ಒಂದು. ಹೈದರಾಬಾದಿನಲ್ಲಿ 2018ರಿಂದ ಬಸ್ತಿ ದವಾಖಾನೆಗಳು ತೆರೆದಿವೆ. ಕರ್ನಾಟಕದಲ್ಲಿ ದಂತಭಾಗ್ಯ ಯೋಜನೆಯ ಮೂಲಕ ಬಡ ವೃದ್ಧರಿಗೆ ಉಚಿತ ಕೃತಕ ದಂತಪಂಕ್ತಿ ನೀಡುವ ವ್ಯವಸ್ಥೆಯಾಯಿತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ತಮ್ಮ ಕೈಯಿಂದ ನೇರವಾಗಿ ತೆರುವ ಪಾಲು 2013-14ರಲ್ಲಿ ಶೇಕಡಾ 64.2 ಇದ್ದದ್ದು 2021-22ರ ಹೊತ್ತಿಗೆ ಶೇಕಡಾ 39.4ಕ್ಕೆ ಇಳಿದಿದೆ.

ಆದರೂ ಒಂದು ಅಂತರ ಉಳಿದಿದೆ. 2018ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಜನಾರೋಗ್ಯ ಯೋಜನೆಯಾಗಲಿ, 2007ರಲ್ಲಿ ಅವಿಭಜಿತ ಆಂಧ್ರಪ್ರದೇಶದಲ್ಲಿ ಆರಂಭವಾಗಿ ತೆಲಂಗಾಣದಲ್ಲಿ ಮುಂದುವರಿದಿರುವ ಆರೋಗ್ಯಶ್ರೀ ಯೋಜನೆಯಾಗಲಿ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ ಮೀಸಲು. ದವಡೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಅವುಗಳಿಂದ ನೆರವು ದೊರೆಯಬಹುದು. ಆ ಶಸ್ತ್ರಚಿಕಿತ್ಸೆಯೇ ಬೇಡವಾಗುವಂತೆ ಮಾಡಬಲ್ಲ ಸಣ್ಣ ಹುಳುಕಿನ ಚಿಕಿತ್ಸೆಗೆ ದೊರೆಯುವುದಿಲ್ಲ. ಆದುದರಿಂದ ಆರಂಭದ ಹಂತದಲ್ಲಿ ಬಡವರಿಗೆ ಸರ್ಕಾರಿ ದಂತ ಆಸ್ಪತ್ರೆಗಳು ಮತ್ತು ದಂತ ವೈದ್ಯಕೀಯ ಕಾಲೇಜುಗಳೇ ಆಸರೆ. ದೇಶದಲ್ಲಿ 300ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿದ್ದು, ಇವುಗಳ ಹೊರರೋಗಿ ವಿಭಾಗಗಳಲ್ಲಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ದೊರೆಯುತ್ತದೆ. ಸಂಜೆಯ ವೇಳೆ ಅಥವಾ ರಜಾದಿನಗಳಲ್ಲಿಯೂ ಇಂತಹ ಸೇವೆ ದೊರೆಯುವಂತಾದರೆ ದಿನಗೂಲಿಯವರಿಗೆ ಮಹದುಪಕಾರವಾದೀತು. ಕಾಚಿಗೂಡದಂತಹ ಬಡಾವಣೆಗಳಲ್ಲಿ ಶಾಲೆಗಳು, ಕನ್ನಡ ಸಂಘಗಳು ವರ್ಷಕ್ಕೊಮ್ಮೆ ತಪಾಸಣಾ ಶಿಬಿರ ನಡೆಸಿ, ತೊಂದರೆಯಿರುವವರನ್ನು ಸರ್ಕಾರಿ ಆಸ್ಪತ್ರೆಗೆ ಜೊತೆಯಲ್ಲಿ ಕರೆದೊಯ್ಯುವ ಏರ್ಪಾಡು ಮಾಡಬಹುದು. ಊರಿಗೆ ಹೊಸಬರಾದವರಿಗೆ ಚಿಕಿತ್ಸೆಯಷ್ಟೇ ದಾರಿ ತೋರಿಸುವವರೂ ಮುಖ್ಯ.

ಕುಟುಂಬಗಳು ಅನುಸರಿಸಬೇಕಾದ ಕ್ರಮಗಳು

ಹಲ್ಲಿನ ರಕ್ಷಣೆಗೆ ಹೆಚ್ಚಿನ ಹಣ ಬೇಕಿಲ್ಲ. ಬೆಳಿಗ್ಗೆ ಹಾಗೂ ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಸಾಧಾರಣ ಬೆಲೆಯ ಪೇಸ್ಟಿನಿಂದ ಹಲ್ಲುಜ್ಜಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟು ಸಾಕು. ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಪ್ರದೇಶದವರು ದಂತವೈದ್ಯರ ಸಲಹೆ ಪಡೆಯಬೇಕು. ಒಬ್ಬೊಬ್ಬರಿಗೂ ಪ್ರತ್ಯೇಕ ಬ್ರಷ್ ಇರಬೇಕು. ಸಿಹಿ ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಬಾರದು. ತಂಬಾಕನ್ನು ಯಾವ ರೂಪದಲ್ಲಿಯೂ ಬಳಸಬಾರದು. ಅದನ್ನು ತ್ಯಜಿಸಿದರೆ ಉಳಿಯುವ ಹಣವೇ ಮನೆಮಂದಿಯ ಪೇಸ್ಟು, ಬ್ರಷ್‌ಗಳಿಗೆ ಸಾಲುತ್ತದೆ.

ತಣ್ಣೀರಿಗೆ ಹಲ್ಲು ಜುಮ್ಮೆಂದರೆ, ಕಪ್ಪು ಚುಕ್ಕೆ ಅಥವಾ ಕುಳಿ ಕಂಡರೆ, ವಸಡಿನಲ್ಲಿ ರಕ್ತ ಬಂದರೆ ಕೂಡಲೇ ತೋರಿಸಬೇಕು. ಒಂದು ದಿನದ ಕೂಲಿ ಹೋಗುವುದು ಆಗಲೇ. ಮುಂದೂಡಿದರೆ ಹಲವು ದಿನಗಳ ಕೂಲಿಯೂ, ಸಾಲವೂ ಜೊತೆಗೂಡುತ್ತವೆ.

ಈ ಕೆಳಗಿನ ಲಕ್ಷಣಗಳಲ್ಲಿ ಯಾವುದೇ ಒಂದು ಕಂಡುಬಂದರೂ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು:

1. ಗಲ್ಲದ ಅಡಿ ಅಥವಾ ಕುತ್ತಿಗೆಯಲ್ಲಿ ಊತ ಹೆಚ್ಚುತ್ತಿರುವುದು.
2. ಬಾಯಿ ತೆರೆಯಲು, ಉಗುಳು ನುಂಗಲು ಆಗದಿರುವುದು, ಜೊಲ್ಲು ಸುರಿಯುವುದು.
3. ನಾಲಗೆ ಮೇಲಕ್ಕೇರಿದಂತಾಗುವುದು, ಧ್ವನಿ ಬದಲಾಗುವುದು, ಉಸಿರಾಟಕ್ಕೆ ತೊಡಕಾಗುವುದು.
4. ಹಲ್ಲುನೋವಿನೊಡನೆ ಚಳಿಜ್ವರ ಅಥವಾ ಮಂಪರು.
5. ಕಣ್ಣಿನ ಸುತ್ತ ಊತ, ದೃಷ್ಟಿ ಮಂಜಾಗುವುದು, ತೀವ್ರ ತಲೆನೋವು.

ಮಧುಮೇಹಿಗಳು, ಗರ್ಭಿಣಿಯರು, ಹೃದ್ರೋಗಿಗಳು ಮತ್ತು ಪುಟ್ಟ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರಿಕೆ ಅಗತ್ಯ. ಗರ್ಭಿಣಿಯರು ಹಲ್ಲಿನ ಚಿಕಿತ್ಸೆ ಪಡೆಯಬಾರದೆಂಬ ಭಾವನೆ ತಪ್ಪು. ವೈದ್ಯರಿಗೆ ಗರ್ಭದ ವಿಷಯ ತಿಳಿಸಿ ಅಗತ್ಯ ಚಿಕಿತ್ಸೆಯನ್ನು ಸುರಕ್ಷಿತವಾಗಿ ಪಡೆಯಬಹುದು.

ಮಾನ್ಯರೆ, ಬಡತನವನ್ನು ಒಂದೇ ದಿನದಲ್ಲಿ ನೀಗಿಸಲು ಯಾವ ಕುಟುಂಬಕ್ಕೂ ಸಾಧ್ಯವಿಲ್ಲ. ಆದರೆ ಮನೆಯ ಖರ್ಚಿನ ಪಟ್ಟಿಯಲ್ಲಿ ಹಲ್ಲನ್ನು ಕೊನೆಯ ಸ್ಥಾನದಿಂದ ಮೇಲಕ್ಕೆ ತರುವುದು ಪ್ರತಿ ಕುಟುಂಬಕ್ಕೂ ಸಾಧ್ಯ. ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರು ದೀಪದ ಬೆಳಕಿನಲ್ಲಿ ಒಮ್ಮೆ ಮಕ್ಕಳ ಬಾಯನ್ನೂ, ಮನೆಯೊಡತಿಯ ಬಾಯನ್ನೂ ನೋಡಲಿ. ಕುಳಿ ಕಂಡರೆ ಈ ವಾರದಲ್ಲಿಯೇ ಸಮೀಪದ ಸರ್ಕಾರಿ ದಂತ ಆಸ್ಪತ್ರೆಗೆ ಕರೆದೊಯ್ಯಲಿ.